ಗಾಜಿನೊಳಗಿನ ಬೈಗುಳ

ಸುವಾ ಕೆರೆದಂಡೆ
8 ಅಕ್ಟೋಬರ್ 2017

ಚಿಗುಸಾ,

ನನ್ನ ಕೈಗೆ ಪೆನ್ನು ಹಿಡಿಸುವ ದುರ್ಬುದ್ಧಿ ನಿನಗೆ ಯಾಕೆ ಬಂತೋ ತಿಳಿಯದು. ಹದಿನೈದಕ್ಕೆ ಶಾಲೆ ಬಿಟ್ಟು ಲೆನ್ಸ್ ಉಜ್ಜಲು ಕೂತವಳು ನಾನು. ಕಲಿತ ಅಕ್ಷರಗಳಲ್ಲಿ ಅರ್ಧ ಮರೆತಿವೆ, ಉಳಿದವು ಕೋಳಿ ಕೆದಕಿದ ಹಾಗೆ ಬೀಳುತ್ತವೆ. ಫೋನಿನಲ್ಲಿ ಮಾತಾಡೋಣವೆಂದರೆ ನಲವತ್ತು ವರ್ಷ ಕಾರ್ಖಾನೆಯ ಗಿರಗಿರ ಕೇಳಿದ ಕಿವಿಗೆ ಈಗ ಬೇರೆ ಸದ್ದು ಹತ್ತುವುದಿಲ್ಲ. "ಬರೆದು ಕಳಿಸಿ ಅತ್ತೆ, ಬರೆದದ್ದಾದರೆ ಅಂಗಡಿಗೆ ಒಯ್ದು ನೋಡಿಕೊಂಡು ಆರಿಸುತ್ತೇನೆ" ಅಂದಿದ್ದೀಯ. ಸರಿ, ಬರೆಯುತ್ತೇನೆ. ಓದಲಾಗದಿದ್ದರೆ ನನ್ನನ್ನು ಕೇಳಬೇಡ.

ನೀನು ಕೇಳಿದ್ದು ಇಷ್ಟು. ಹರುಹಿಸಾನ ಹಳೆಯ ಲೆನ್ಸ್ ನಿನ್ನ ಬಳಿ ಇದೆ, ಕೂರಿಸಲು ಕ್ಯಾಮೆರಾ ಇಲ್ಲ. ನನ್ನ ಮಗನ ದೊಡ್ಡ ಕ್ಯಾಮೆರಾ ಅವನಿಗಿಂತ ಎರಡು ತಿಂಗಳು ಮೊದಲೇ ಸತ್ತಿತ್ತು. ಒಳಗೆ ಕನ್ನಡಿ ಇಲ್ಲದ ಸಣ್ಣ ಕ್ಯಾಮೆರಾ, ಬಳಸಿದ್ದು, ಯಾವುದು ಕೊಳ್ಳಲಿ?

ಆ ಲೆನ್ಸ್ ನಿನ್ನ ಬಳಿ ಹೇಗೆ ಉಳಿಯಿತು ನೆನಪಿದೆಯಲ್ಲ. ಅವನ ಶವಪೆಟ್ಟಿಗೆಯಲ್ಲಿ ಬಲಗೈ ಪಕ್ಕ ಇಡೋಣವೆಂದು ಇಬ್ಬರೂ ಹೊರಟಿದ್ದೆವು. ಚಿತಾಗಾರದವನು ಟೋಪಿ ತೆಗೆದು ಬಗ್ಗಿ ಹೇಳಿದ: "ಗಾಜು ಕರಗ್ತದೆ ತಾಯಿ, ಮೂಳೆಗೆ ಅಂಟ್ಕೊಳ್ತದೆ. ಆಮೇಲೆ ನೀವು ಆರಿಸೋಕಾಗಲ್ಲ." ನಲವತ್ತೊಂಬತ್ತನೇ ದಿನದ ಕರ್ಮ ಮುಗಿಸಿ ಅವನ ವಸ್ತುಗಳನ್ನು ಹಂಚಿಕೊಂಡಾಗ ಲೆನ್ಸನ್ನು ನಾನೇ ನಿನ್ನ ಮುಂದೆ ತಳ್ಳಿದೆ. ನೀನು ತಲೆ ಬಾಗಿಸಿದೆ.

ಈಗ ಕೇಳು. ಕ್ಯಾಮೆರಾದ ಒಡಲು ಬೇಗ ಮುಪ್ಪಾಗುತ್ತದೆ, ಗಾಜು ಆಗುವುದಿಲ್ಲ. ಆದ್ದರಿಂದ ಒಡಲು ಇನ್ನೊಬ್ಬರು ಬಳಸಿದ್ದಾದರೆ ಅವಮಾನವೇನೂ ಇಲ್ಲ. ನಾಲ್ಕೈದು ವರ್ಷದ್ದು ಸಾಕು. ಕಣ್ಣಿಟ್ಟು ನೋಡುವ ಕಿಂಡಿ ಇರಲೇಬೇಕು. ಬರೀ ಬೆನ್ನಿನ ಪರದೆ ನಂಬಿದರೆ ನಿಮ್ಮ ಕಾಗೊಶಿಮಾದ ಬಿಸಿಲಲ್ಲಿ ನಿನ್ನ ಮುಖವೇ ಕಾಣುತ್ತದೆ. ಕೈನಡುಕ ತಡೆಯುವ ಏರ್ಪಾಡು ಒಡಲೊಳಗೇ ಇರಲಿ. ಹಳೆಯ ಲೆನ್ಸಿಗೆ ಆ ಬುದ್ಧಿ ಇಲ್ಲ, ಮತ್ತು ನಿನ್ನ ಮಣಿಕಟ್ಟು ನೋಯುತ್ತದೆಂದು ನೀನೇ ಬರೆದಿದ್ದೀಯ. ತುಂಬಾ ಚಿಕ್ಕ ಫಲಕದ್ದು ಬೇಡ. ಬೆಳಕು ಬೀಳುವ ಫಲಕ ಚಿಕ್ಕದಾದಷ್ಟೂ ಲೆನ್ಸ್ ಕಂಡದ್ದರಲ್ಲಿ ಅರ್ಧ ಕತ್ತರಿಸಿಹೋಗುತ್ತದೆ. ಇಡೀ ಬೆಟ್ಟ ತೆಗೆಯಲು ಹೋಗಿ ಬರೀ ತುದಿ ತಂದುಕೊಳ್ಳುತ್ತೀಯ.

ಅಂಗಡಿಯಲ್ಲಿ ತಿರುಪುಗಳ ತಲೆ ನೋಡು. ಗೀರಿದ್ದರೆ ಯಾರೋ ಬಿಚ್ಚಿದ್ದಾರೆ. ಮೂಸಿ ನೋಡು. ಬೂಷ್ಟಿನ ವಾಸನೆ ಬಂದರೆ ಕೆಳಗಿಟ್ಟು ನಡೆ. ಅಂಗಡಿಯವನು ನಕ್ಕರೆ ನಗಲಿ.

ನಿಮ್ಮ ಜ್ವಾಲಾಮುಖಿ ಬೆಟ್ಟ ಉಗುಳುವ ಬೂದಿ ಲೆನ್ಸಿನ ಮೇಲೆ ಕೂತರೆ ಬಟ್ಟೆಯಲ್ಲಿ ಒರೆಸಬೇಡ, ಊದು. ಆ ಬೂದಿಯೂ ಗಾಜೇ. ಅಂಥದ್ದೇ ಪುಡಿಯಿಂದ ನಾವು ಇಲ್ಲಿ ಗಾಜು ಸವೆಸುತ್ತಿದ್ದೆವು. ಇನ್ನೊಂದು. ನೀನು ದಾಟುದೋಣಿಯಲ್ಲಿ ಉಡೊನ್ ಶ್ಯಾವಿಗೆ ಬಡಿಸುವವಳು. ಲೆನ್ಸನ್ನು ಆ ಹಂಡೆಯ ಹತ್ತಿರ ಒಯ್ಯಬೇಡ. ಆವಿ ಒಳಗೆ ಹೊಕ್ಕರೆ ಹೊರಡುವುದಿಲ್ಲ. ಇದನ್ನು ಎರಡು ಸಲ ಬರೆಯುವುದಿಲ್ಲ.

ಬರೆಯಲು ಕೂತಿದ್ದೇನೆ, ಅದನ್ನೂ ಬರೆದುಬಿಡುತ್ತೇನೆ. ಜೂನ್‌ನಲ್ಲಿ ಅವನ ವರ್ಷದ ಪೂಜೆಗೆ ಬಂದಾಗ ನಿನ್ನ ಚೀಲದಿಂದ ಕರವಸ್ತ್ರ ತೆಗೆಯುವಾಗ ನಗರ ಕಚೇರಿಯ ಕಾಗದ ಹೊರಗೆ ಬಂತು. ಗಂಡ ಸತ್ತ ಮೇಲೆ ಅವನ ಮನೆಯವರ ಜೊತೆಗಿನ ನಂಟು ಮುಗಿಸುವ ಕಾಗದ. ನೀನು ಒಳಗೆ ತುರುಕಿದೆ, ನಾನು ಕಿಟಕಿ ನೋಡಿದೆ. ಅದಕ್ಕೆ ನನ್ನ ಸಹಿಯ ಮೊಹರು ಬೇಡ, ನನಗೆ ತಿಳಿಸಲೂ ಬೇಡ ಎಂದು ಪಕ್ಕದ ಮನೆಯವಳು ಹೇಳಿದಳು. ತುಂಬುವುದಾದರೆ ತುಂಬು. ನಾನು ಕೇಳುತ್ತಿಲ್ಲ.

ಏನೆಂದು ಸಹಿ ಹಾಕಬೇಕೋ ಗೊತ್ತಾಗದೆ ಹೆಸರು ಹಾಕಿದ್ದೇನೆ.

ಕೊಗುಚಿ ಮಿಸಾವೊ


ಸುವಾ
5 ನವೆಂಬರ್ 2017

ಚಿಗುಸಾ,

ಕಾಗದ ಸಿಕ್ಕಿತು. ನಾಲ್ಕು ಹಾಳೆಯಲ್ಲಿ ಮೂರು ಕ್ಯಾಮೆರಾಗಳ ಜಾತಕ ಬರೆದಿದ್ದೀಯ. ನಾನು ಕೇಳುತ್ತಿಲ್ಲ ಎಂದ ವಿಷಯದ ಬಗ್ಗೆ ಒಂದು ಸಾಲೂ ಇಲ್ಲ. ಒಳ್ಳೆಯದು.

ಕಣ್ಣಿಂದ ನೋಡದೆ ನಾನು ಯಾವುದಕ್ಕೂ ಹೂಂ ಅನ್ನುವವಳಲ್ಲ. ಅದಕ್ಕೇ ಮಿಯಾಸಾಕಾನ ಹಳೆ ಕ್ಯಾಮೆರಾ ಅಂಗಡಿಗೆ ಹೋದೆ. ಗುಡ್ಡದ ಮೇಲಿಂದ ಮಂಜು ಇಳಿದು ಬೀದಿಯಲ್ಲಿ ಎದುರಿಗೆ ಬಂದವರ ಕಾಲು ಮಾತ್ರ ಕಾಣುತ್ತಿತ್ತು. ಅಂಗಡಿಯ ಗಾಜಿನ ಕಪಾಟುಗಳೊಳಗೆ ನೂರಾರು ಲೆನ್ಸುಗಳು ಕಣ್ಣು ತೆರೆದು ನಿದ್ದೆ ಮಾಡುತ್ತಿದ್ದವು. ಅವನು ಮಾತ್ರ ಎಚ್ಚರವಾಗಿದ್ದ, ದುರದೃಷ್ಟ.

"ಏನಜ್ಜಿ, ಕಣ್ಣು ಮಂಜಾಗೋ ವಯಸ್ಸಲ್ಲಿ ಕ್ಯಾಮೆರಾ ಚಟ ಹತ್ಕೊಂತಾ?"

"ನಿನ್ನ ಮೂತಿ ಇನ್ನೂ ಕಾಣಿಸ್ತಿದೆಯಲ್ಲ, ಅಷ್ಟೇ ನನ್ನ ಕಷ್ಟ. ಈ ಚೀಟಿಯಲ್ಲಿರೋ ಮೂರನ್ನೂ ತೆಗೆದಿಡು."

"ಮೂರೂ ತಗೊಳ್ತೀಯಾ?"

"ಒಂದೂ ತಗೊಳ್ಳಲ್ಲ. ಸೊಸೆಗೆ ನೋಡ್ತಿದ್ದೀನಿ."

ಅವನು ಕಪಾಟಿನ ಬೀಗ ತೆಗೆಯುತ್ತಾ ನಿಂತ. "ಸೊಸೆ ಅಂದ್ರೆ, ನಮ್ಮ ಹರುಹಿಸಾನ ಹೆಂಡ್ತೀನಾ? ಆಯಮ್ಮ ತೌರಿಗೆ ಹೋದ್ಳಲ್ಲ. ಇನ್ನೂ ಸೊಸೇನಾ?"

"ಬಾಯ್ ಮುಚ್ಕೊಂಡು ಬ್ಯಾಟರಿ ಹಾಕು."

ಹಾಕಿದ. ನಿನ್ನ ಮೊದಲನೆಯದು, ಆ ಬಿಳಿಯದು, ಸಾಬೂನಿನ ಡಬ್ಬಿ. ಕಿಂಡಿ ಇಲ್ಲ, ಫಲಕ ಉಗುರಿನಷ್ಟು. ಎರಡನೆಯದು ಚೆನ್ನಾಗಿದೆ, ಆದರೆ ತೂಕ. ಅದನ್ನು ಹಿಡಿದು ನಾಲ್ಕು ದಿನ ದೋಣಿ ಹತ್ತಿದರೆ ಐದನೆಯ ದಿನ ನೀನು ಮನೆಯಲ್ಲೇ ಬಿಟ್ಟು ಬರುತ್ತೀಯ. ಮನೆಯಲ್ಲಿ ಬಿಟ್ಟ ಕ್ಯಾಮೆರಾ ಎಷ್ಟು ಒಳ್ಳೆಯದಾದರೇನು.

ನಿನಗೆ ಬೇಕಾದದ್ದು ಮೂರನೆಯದು. ನಿಮ್ಮೂರ ಅಂಗಡಿಯವನು ಕುಂದಿರುವ ವಸ್ತುಗಳ ಬುಟ್ಟಿಯಲ್ಲಿ ಹಾಕಿದ್ದಾನೆ, ಬೆನ್ನಿನ ಪರದೆಯಲ್ಲಿ ಕಲೆ ಇದೆ, ಮೂಲೆಗಳ ಕಪ್ಪು ಬಣ್ಣ ಸವೆದು ಲೋಹ ಕಾಣುತ್ತದೆ, ಅದಕ್ಕೇ ಬೇಡವೆನಿಸುತ್ತದೆ ಎಂದಿದ್ದೀಯ. ಪೆದ್ದಿ. ನಾಲ್ಕೂ ಮೂಲೆ ಒಂದೇ ಸಮ ಸವೆದಿದ್ದರೆ ಯಾರೋ ಅದನ್ನು ದಿನವೂ ಕೈಯಲ್ಲಿ ಹಿಡಿದು ಓಡಾಡಿದ್ದಾರೆ ಎಂದರ್ಥ. ದಿನವೂ ಹಿಡಿದವರು ಕ್ಯಾಮೆರಾ ಕೆಡಿಸುವುದಿಲ್ಲ. ಕೆಡಿಸುವವರು ಪೆಟ್ಟಿಗೆಯಲ್ಲಿಟ್ಟು ಮರೆಯುವವರು. ಕಲೆ ಪರದೆಯಲ್ಲಿದೆ, ಫಲಕದಲ್ಲಿಲ್ಲವಲ್ಲ. ಬಿಳಿ ಗೋಡೆಯ ಚಿತ್ರ ತೆಗೆದು ನೋಡು. ಗೋಡೆ ಗೋಡೆಯಂತೆ ಬಂದರೆ ಕೊಂಡುಬಿಡು.

ಲೆನ್ಸನ್ನು ಒಡಲಿಗೆ ಕೂರಿಸಲು ನಡುವೆ ಲೋಹದ ಒಂದು ಬಳೆ ಬೇಕು. ಅಲುಗಾಡುವ ಬಳೆ ಕೊಳ್ಳಬೇಡ. ಲೆನ್ಸಿನ ಮೇಲೆ ಮಲಗಿದ 8ರಂಥ, ಕೊನೆಯಿಲ್ಲದ ದೂರದ ಗುರುತು ಇದೆ. ಅಲ್ಲಿಗೆ ತಿರುಗಿಸಿ ನಿಮ್ಮ ಬೆಟ್ಟ ನೋಡು. ಬೆಟ್ಟ ಸ್ಪಷ್ಟವಾಗದಿದ್ದರೆ ಬಳೆ ದಪ್ಪವಾಯಿತು. ಅಂಥ ಬಳೆ ಹಾಕಿದರೆ ಹತ್ತಿರದ್ದೆಲ್ಲ ಕಾಣುತ್ತದೆ, ದೂರದ್ದು ಮಾತ್ರ ಯಾವತ್ತೂ ಸಿಗುವುದಿಲ್ಲ.

ನಿನ್ನೆ ಮಧ್ಯಾಹ್ನ ಒಲೆ ಪಕ್ಕ ತೂಕಡಿಸುವಾಗ ಹರುಹಿಸಾ ಬಂದಿದ್ದ. ಐದಾರು ವರ್ಷದವನು. ಕೆರೆಯ ಮಂಜುಗಡ್ಡೆಯ ಮೇಲೆ ಅಂಗಾತ ಮಲಗಿ ಕಾರ್ಖಾನೆಯ ಒಡೆದ ಲೆನ್ಸ್ ಒಂದನ್ನು ಕಣ್ಣಿಗಿಟ್ಟುಕೊಂಡು ಆಕಾಶ ನೋಡುತ್ತಿದ್ದ. "ಅಮ್ಮ, ಮೇಲೂ ಒಂದು ಕೆರೆ ಇದೆ" ಅಂದ. ಬೆನ್ನಿಗೆ ಶೀತವಾಗುತ್ತದೆ ಏಳೋ ಎಂದು ಕೂಗಿದೆ. ಅಷ್ಟಕ್ಕೆ ಎಚ್ಚರವಾಯಿತು. ಕನಸಿನಲ್ಲೂ ಬೈಯುವುದೇ ನನ್ನ ಹಣೆಬರಹ.

ಕೊಂಡ ಮೇಲೆ ತಿಳಿಸು.

ಮಿಸಾವೊ


ಸುವಾ
2 ಡಿಸೆಂಬರ್ 2017

ಚಿಗುಸಾ,

ಪೊಟ್ಟಣ ತಲುಪಿತು, ಒಳಗೆ ಲೆನ್ಸೂ ನೀನು ತೆಗೆದ ಚಿತ್ರಗಳೂ ಇವೆ. ಮೂರನೆಯದನ್ನೇ ಕೊಂಡೆಯಲ್ಲ, ಬುದ್ಧಿ ಇದೆ. ಲೆನ್ಸಿನ ಉಂಗುರದಲ್ಲಿ ಬೂದಿ ಹೊಕ್ಕು ಗರಗರ ಎನ್ನುತ್ತದೆ, ಅದೊಂದನ್ನು ನೋಡಿ ಕಳಿಸಿ ಎಂದು ಬರೆದಿದ್ದೀಯ. ಮಿಯಾಸಾಕಾನಿಂದ ಸಲಕರಣೆ ಎರವಲು ತಂದು ಕಿಟಕಿಯ ಬಳಿ ಮೇಜು ಹಾಕಿಕೊಂಡೆ.

ಬಿಚ್ಚುವ ಮೊದಲು ಒಂದು ಕೆಲಸ ಮಾಡಿದೆ. ಲೆನ್ಸನ್ನು ಕಿಟಕಿಗೆ ಎದುರಾಗಿ ಹಿಡಿದು ಅದರ ಹಿಂದೆ ನಾಲ್ಕು ಬೆರಳು ದೂರದಲ್ಲಿ ಈ ಕಾಗದವನ್ನಿಟ್ಟೆ. ಕೋಣೆ ಕತ್ತಲು. ಕಾಗದದ ಮೇಲೆ ಕೆರೆ ಬಂದು ಇಳಿಯಿತು, ತಲೆಕೆಳಗಾಗಿ. ಆಕಾಶ ಕೆಳಗೆ, ನೀರು ಮೇಲೆ, ದಂಡೆಯ ಬೋಳು ಮರಗಳು ಬೇರು ಮೇಲಾಗಿ ನೇತಾಡುತ್ತಿದ್ದವು. ಹಕ್ಕಿಯೊಂದು ಬೆನ್ನ ಮೇಲೆ ಈಜಿ ಹೋಯಿತು. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ನಾವು ಹುಡುಗಿಯರು ಅಂಗೈ ಮೇಲೆ ಹೀಗೆ ಕೆರೆ ಇಳಿಸಿಕೊಂಡು ಆಡುತ್ತಿದ್ದೆವು. ಮೇಲಿನ ಎರಡು ಸಾಲು ವಕ್ರವಾಗಿದ್ದರೆ ಬೈಯಬೇಡ, ಕೆರೆಯ ಮೇಲೆ ಬರೆದದ್ದು.

ಆ ಕೆರೆ ಚೊಕ್ಕವಾಗಿರಲಿಲ್ಲ. ಅಂಚುಗಳೆಲ್ಲ ಹಾಲು ಬೆರೆಸಿದ ಹಾಗೆ. ಲೆನ್ಸಿನ ಒಳಗೆ ಮಬ್ಬು ಕೂತಿದೆ. ಅದು ಯಾವ ಮಬ್ಬು, ಯಾವತ್ತು ಕೂತದ್ದು ಎಂದು ನನಗೆ ಗೊತ್ತು. ನಿನ್ನ ಚಿತ್ರಗಳಲ್ಲೂ ಅದೇ. ದೋಣಿಯ ಕಂಬಿ ಹಿಡಿದ ಆ ಮುದುಕಿಯ ಸುತ್ತ ಬೆಳಕು ಊದಿಕೊಂಡು, ಬೆಟ್ಟ ಕರಗಿ, ನೀರು ಎಲ್ಲಿ ಮುಗಿದು ಹೊಗೆ ಎಲ್ಲಿ ಶುರುವಾಯಿತೋ ತಿಳಿಯದ ಹಾಗೆ. ಚೆನ್ನಾಗಿಲ್ಲ ಎನ್ನಲಾರೆ. ಆದರೆ ಅದು ಲೆನ್ಸಿನ ಕೆಲಸವಲ್ಲ, ಲೆನ್ಸಿನ ರೋಗ.

ಆದ್ದರಿಂದ ನೀನು ಕೇಳದಿದ್ದರೂ ತೆಗೆದೆ. ಪೂರ್ತಿ ಬಿಚ್ಚಿ, ಒಂದೊಂದೇ ಗಾಜು ಹೊರಗಿಟ್ಟು, ನಡುವಿನಿಂದ ಅಂಚಿನ ಕಡೆಗೆ ಸುತ್ತಿ ಸುತ್ತಿ ಒರೆಸಿದೆ. ಮೂರನೇ ಸುತ್ತಿಗೆ ಗಾಜು ಗಾಳಿಯಾಯಿತು, ಅಲ್ಲಿ ಏನೂ ಇಲ್ಲವೆನ್ನುವ ಹಾಗೆ. ಎಪ್ಪತ್ತೊಂದು ವರ್ಷದ ಕೈ ನೋಡು, ಒಂದು ಗೀರಿಲ್ಲ. ಮುಂದಿನ ಗಾಜಿನ ಅಂಚಿಗೆ ಬಳಿದಿದ್ದ ಕಪ್ಪು ಮಸಿ ಚಕ್ಕೆ ಚಕ್ಕೆ ಎದ್ದಿತ್ತು. ಒಳಗೆ ಬೆಳಕು ಪುಟಿದಾಡದಿರಲೆಂದು ಬಳಿಯುವ ಮಸಿ ಅದು. ಹಳೆಯದನ್ನು ತೆಗೆದು ಹೊಸದಾಗಿ ಬಳಿದೆ. ಒಣಗಲಿಕ್ಕೆಂದು ಒಂದು ದಿನ ಹೆಚ್ಚು ಹಿಡಿಯಿತು.

ಉಂಗುರವೂ ಈಗ ಬೆಣ್ಣೆ. ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಹಾಕಿ ನೋಡು, ನಲವತ್ತೈದು ವರ್ಷದ ಹಿಂದೆ ಹೊರಬಂದ ದಿನದಂತೆ ಕಾಣುತ್ತದೆ.

ಹೇಗಿದೆ ಎಂದು ಬರಿ.

ಮಿಸಾವೊ


ಕಾಗೊಶಿಮಾ
17 ಡಿಸೆಂಬರ್ 2017

ಅತ್ತೆಗೆ ನಮಸ್ಕಾರಗಳು.

ಲೆನ್ಸ್ ತಲುಪಿ ಹತ್ತು ದಿನವಾಯಿತು. ಉತ್ತರ ತಡವಾಯಿತು, ಕ್ಷಮಿಸಿ.

ಈಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಬೆಟ್ಟದ ಸೀಳುಗಳು, ಅಲೆಯ ಮೇಲಿನ ಬೂದಿ, ದೋಣಿಯ ಕಂಬಿಯ ತುಕ್ಕು, ಎಲ್ಲ. ನಿಮ್ಮ ಕೈ ಕೆಲಸಕ್ಕೆ ಯಾರೂ ಕುಂದು ಹೇಳಲಾರರು.

ಆದರೂ ಹೇಳಬೇಕು ಅತ್ತೆ. ನಾನು ಉಂಗುರ ಮಾತ್ರ ನೋಡಿ ಎಂದಿದ್ದೆ.

ನಾವಿಬ್ಬರೂ ಕವಾಸಾಕಿಯ ಮನೆಯಲ್ಲಿದ್ದಾಗ ನಾನೇ ನಿಮ್ಮ ಮಗನಿಗೆ ಎಷ್ಟೋ ಸಲ ಹೇಳಿದ್ದೆ, "ಆ ಮಬ್ಬು ತೆಗೆಸಬಾರದಾ, ಅಂಗಡಿಗಾದರೂ ಕೊಡಿ" ಎಂದು. ಅವರು ಲೆನ್ಸನ್ನು ಬೆಳಕಿಗೆ ಹಿಡಿದು ನಗುತ್ತಿದ್ದರು. "ಏಯ್, ಮುಟ್ಟಬೇಡ. ಒಳಗಿರೋದು ಅಮ್ಮನ ಬೈಗುಳ ಕಣೇ. ಅಮ್ಮನ ಅಡುಗೆಮನೆ ಆವಿ. ಎಲ್ಲಿಗೆ ಹೋದ್ರೂ ಜೊತೆಗೇ ಬರ್ತದೆ, ಇರ್ಲಿ ಬಿಡು." ಕ್ಯಾಮೆರಾ ಕೆಡುವ ಮೊದಲಿನ ಆ ಮೂರು ತಿಂಗಳು ಅವರು ತೆಗೆದ ಪ್ರತಿ ಚಿತ್ರದಲ್ಲೂ ಆ ಆವಿ ಇದೆ. ನನ್ನ ಚಿತ್ರಗಳಲ್ಲೂ ಇದೆ. ಅವನ್ನು ನೋಡಿದಾಗ ನಾನು ಮಾಡಿದ ಚಿತ್ರ ಎನ್ನಿಸುತ್ತಿರಲಿಲ್ಲ. ಅವರು ನನಗಿಂತ ಸ್ವಲ್ಪ ಮುಂದೆ ನಿಂತು ನೋಡಿದ್ದನ್ನು ನಾನು ಹಿಂದಿನಿಂದ ನೋಡುತ್ತಿದ್ದೇನೆ ಎನ್ನಿಸುತ್ತಿತ್ತು.

ಈಗ ಅಲ್ಲಿ ಯಾರೂ ಇಲ್ಲ. ಬೆಟ್ಟ ಮಾತ್ರ ಇದೆ.

ಇಲ್ಲಿ ನನ್ನ ಅಕ್ಕ ದಿನವೂ ಅದೇ ಮಾತು ಹೇಳುತ್ತಾಳೆ. "ನಲವತ್ತಕ್ಕೆಲ್ಲ ಇನ್ನೊಬ್ಬರ ಮನೆ ಹೆಸರು ಹೊತ್ಕೊಂಡು ಯಾಕೆ ತಿರುಗ್ತಿ? ಆ ಮುದುಕಿ ನಿನ್ ಜೊತೆ ನಾಲ್ಕು ಮಾತು ನಗನಗ್ತಾ ಆಡಿದ್ದು ಉಂಟಾ?" ನೀವು ಕೇಳುತ್ತಿಲ್ಲ ಎಂದು ಬರೆದಿದ್ದಿರಿ. ಆದರೂ ಹೇಳುತ್ತೇನೆ. ನಗರ ಕಚೇರಿಯ ಆ ಕಾಗದ ಮೇಜಿನ ಖಾನೆಯಲ್ಲಿದೆ. ಎಲ್ಲ ತುಂಬಿದ್ದೇನೆ. ತಾರೀಖಿನ ಜಾಗ ಮಾತ್ರ ಖಾಲಿ ಇದೆ.

ಚಳಿ ಹೆಚ್ಚು, ಜೋಪಾನ.

ಚಿಗುಸಾ


ಸುವಾ
26 ಡಿಸೆಂಬರ್ 2017

ಚಿಗುಸಾ,

ಕಾಗದ ತಲುಪಿತು. ಮೂರು ದಿನ ಓದಿದೆ.

ಸೂರಿನ ಕೆಳಗೆ ಒಣಗಿಸಿದ ಪರ್ಸಿಮನ್ ಹಣ್ಣು ಕಳಿಸಿದ್ದೇನೆ. ಬಿಳಿಯಾಗಿ ಕಾಣುವುದು ಬೂಷ್ಟಲ್ಲ, ಹಣ್ಣಿನದೇ ಸಕ್ಕರೆ. ಒರೆಸಬೇಡ.

ಮಿಸಾವೊ


ಸುವಾ
27 ಜನವರಿ 2018

ಚಿಗುಸಾ,

ತಿಂಗಳಾಯಿತು. ಹಣ್ಣು ಸಿಕ್ಕಿತೆಂದೂ ನೀನು ಬರೆಯಲಿಲ್ಲ. ಬರೆಯಬೇಕಾದವಳು ನಾನೇ ಎಂದು ಮಿಯಾಸಾಕಾ ಹೇಳಿದ. ಅವನಿಗೆ ನಾನು ಏನೂ ಹೇಳಿರಲಿಲ್ಲ. ಸಲಕರಣೆ ವಾಪಸು ಕೊಡಲು ಹೋದಾಗ ಮುಖ ನೋಡಿಯೇ ಕೇಳಿದ, "ಏನಜ್ಜಿ, ಗಾಜು ಒಡೆದ್ಯಾ?" "ಇಲ್ಲ, ಚೊಕ್ಕ ಮಾಡಿದೆ" ಅಂದೆ. "ಅಯ್ಯೋ, ಹಂಗಾದ್ರೆ ಕಷ್ಟ. ಒಡೆದಿದ್ರೆ ಅಂಟಿಸಬಹುದಿತ್ತು. ಈಗ ನೀನೇ ಬರೀಬೇಕು" ಅಂದ. ಅವನ ಕೆನ್ನೆಗೆ ಬಿಡಬೇಕೆನಿಸಿತು, ಬಿಡಲಿಲ್ಲ.

ಲೆನ್ಸಿಗೆ ಮಬ್ಬು ಕೂತ ಆ ಬೆಳಗಿನ ವಿಷಯ ನಿನಗೆ ಹರುಹಿಸಾನ ಕಡೆಯಿಂದ ಗೊತ್ತು. ನನ್ನ ಕಡೆಯಿಂದ ಕೇಳು.

ಎರಡು ವರ್ಷದ ಹಿಂದೆ ಇದೇ ಜನವರಿ. ಕೆರೆ ಹೆಪ್ಪುಗಟ್ಟುತ್ತದೆ, ಮಂಜುಗಡ್ಡೆ ಸೀಳಿ ದಡದಿಂದ ದಡಕ್ಕೆ ಏಣು ಏಳುತ್ತದೆ, ದೇವರು ಆ ದಡದ ಹೆಂಡತಿಯ ಗುಡಿಗೆ ನಡೆದು ಹೋದ ದಾರಿ ಎಂದು ಊರವರು ಹೇಳುವ ಅದನ್ನು ನೋಡಿಯೇ ಹೋಗುತ್ತೇನೆ ಎಂದು ರಜೆ ಹಾಕಿ ಬಂದಿದ್ದ. ಆ ವರ್ಷ ಕೆರೆ ಹೆಪ್ಪುಗಟ್ಟಲಿಲ್ಲ. ಅವನು ಬರೀ ನೀರಿನ ಮುಂದೆ ಎರಡು ಗಂಟೆ ನಿಂತು ನೀರಿನಿಂದ ಏಳುವ ಹೊಗೆಯ ಚಿತ್ರ ತೆಗೆದುಕೊಂಡು ಬಂದ. ನಾನು ಅವನಿಗಾಗಿ ಸೋಬಾ ಶ್ಯಾವಿಗೆ ಬೇಯಿಸುತ್ತಿದ್ದೆ. ಅಡುಗೆಮನೆ ತುಂಬ ಆವಿ. ಈ ಊರಿನ ಮೂರು ವರ್ಷದ ಕೂಸಿಗೂ ಗೊತ್ತು, ಚಳಿಯಿಂದ ತಂದ ಗಾಜನ್ನು ಚೀಲದಲ್ಲಿ ಕಟ್ಟಿ ಹೊರಜಗಲಿಯಲ್ಲಿ ಒಂದು ತಾಸು ಬಿಡಬೇಕೆಂದು. ಅವನು ನೇರ ಒಳಗೆ ಬಂದು, "ಅಮ್ಮ, ನೋಡಿಲ್ಲಿ, ನೋಡು" ಎಂದು ಕ್ಯಾಮೆರಾವನ್ನು ಹಂಡೆಯ ಮೇಲೆ ನನ್ನ ಮುಖಕ್ಕೆ ಹಿಡಿದ. ಲೆನ್ಸ್ ನನ್ನ ಕಣ್ಣೆದುರೇ ಬೆಳ್ಳಗಾಯಿತು.

ನಾನು ಚಿತ್ರ ನೋಡಲಿಲ್ಲ. "ನಾನು ಉಜ್ಜಿದ ಗಾಜು ಅದು, ಕೊಂದೆಯಲ್ಲೋ" ಎಂದು ಕೂಗಿದೆ. ಇನ್ನೂ ಏನೇನೋ. ಅವನು ಸೋಬಾ ತಿನ್ನದೆ ಮಧ್ಯಾಹ್ನದ ರೈಲಿಗೆ ಹೋದ. ಮೇ ತಿಂಗಳವರೆಗೆ ಎರಡು ಸಲ ಫೋನು ಮಾಡಿದ. ನನಗೆ ಕೇಳಿಸಲಿಲ್ಲ, ಕೇಳಿಸಿದಂತೆ ಹೂಂ ಅಂದೆ. ಜೂನ್‌ನಲ್ಲಿ ಅವನ ತಲೆಯೊಳಗಿನ ನರ ಒಡೆಯಿತು.

ಸಿಟ್ಟಿನಲ್ಲಿ ಹೋದ ಎಂದೇ ಇಷ್ಟು ದಿನ ತಿಳಿದಿದ್ದೆ. ನೀನು ಲೆನ್ಸ್ ಕಳಿಸಿದಾಗ, ಈ ಮಬ್ಬು ತೆಗೆದರೆ ಆ ಬೆಳಗ್ಗೆಯನ್ನೇ ತೆಗೆದ ಹಾಗೆ ಎಂದುಕೊಂಡೆ. ಉಜ್ಜುವವಳಿಗೆ ಬೇರೆ ಏನು ತಿಳಿಯುತ್ತದೆ? ಅವನು ನಗುತ್ತಾ ಇಟ್ಟುಕೊಂಡಿದ್ದ ಎಂದು ನೀನು ಮೊದಲೇ ಹೇಳಲಿಲ್ಲ. ನಾನು ಮೊದಲೇ ಕೇಳಲಿಲ್ಲ. ನನ್ನ ಬೈಗುಳವನ್ನು ನಾನೇ ಒರೆಸಿದೆ, ಅದರ ಜೊತೆ ಅವನ ನಗುವೂ ಹೋಯಿತು. ತಪ್ಪಾಯಿತು. ಈ ಪದ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ಸರಿಯಿದೆಯೇ ಎಂದು ನಿಘಂಟು ನೋಡಿ ಬರೆದಿದ್ದೇನೆ.

ಆ ಮಬ್ಬನ್ನು ಮರಳಿ ಹಾಕಲಾರೆ. ಒಂದು ಉಪಾಯ ಮಾತ್ರ ಗೊತ್ತು. ಲೆನ್ಸಿನ ಮುಂದೆ ಬಾಯಿ ತಂದು ಹಾ ಎಂದು ಉಸಿರು ಬಿಡು. ಮೂರು ಎಣಿಸುವಷ್ಟು ಹೊತ್ತು ಅಂಥದ್ದೇ ಹಾಲು ಕವಿಯುತ್ತದೆ, ಅಂಚಿನಿಂದ ಕರಗುತ್ತಾ ಬರುತ್ತದೆ. ಅಷ್ಟರಲ್ಲಿ ಒತ್ತು. ಇಲ್ಲಿಯ ಚಳಿಯಲ್ಲಾದರೆ ಕರಗುವುದಿಲ್ಲ, ಹಿಮದ ಹೂವಾಗಿ ಕಟ್ಟುತ್ತದೆ. ನಿನ್ನ ಉಸಿರೇ ಸಾಕು. ಅವನ ಉಸಿರಿನಲ್ಲೂ ಇದಕ್ಕಿಂತ ಬೇರೇನೂ ಇರಲಿಲ್ಲ.

ಇನ್ನೊಂದು ಹೇಳುವುದಿದೆ. ಇದನ್ನು ಅವನಿಗೂ ಹೇಳಿರಲಿಲ್ಲ.

ಆ ಲೆನ್ಸಿನ ಮುಂದಿನ ಗಾಜನ್ನು ನಾನು ಉಜ್ಜಿದ್ದು ಅವನು ಹೊಟ್ಟೆಯಲ್ಲಿ ಏಳು ತಿಂಗಳಿದ್ದಾಗ. ಗಾಜಿನ ಅಂಚು ನಯವಿರುವುದಿಲ್ಲ, ಪೆನ್ಸಿಲು ಹಿಡಿಯುತ್ತದೆ. ಮಸಿ ಬಳಿಯುವ ಮೊದಲು ಅಲ್ಲಿ ಗುಟ್ಟಾಗಿ ಹೆಸರು ಬರೆಯುವ ಚಾಳಿ ನಮ್ಮ ಸಾಲಿನ ಹುಡುಗಿಯರಿಗಿತ್ತು. ಒಬ್ಬಳು ಮೆಚ್ಚಿದವನದ್ದು, ಇನ್ನೊಬ್ಬಳು ತೀರಿಕೊಂಡ ತಂಗಿಯದ್ದು. ಮಸಿ ಬಿದ್ದ ಮೇಲೆ ತಪಾಸಣೆಯವನಿಗೂ ಕಾಣದು. ಎಷ್ಟು ಹೆಸರುಗಳು ಹೀಗೆ ಯಾರ್ಯಾರ ಕ್ಯಾಮೆರಾದೊಳಗೆ ಕೂತು ಎಲ್ಲೆಲ್ಲಿಯ ಬೆಳಕು ನೋಡುತ್ತಿವೆಯೋ. ಗಂಡೋ ಹೆಣ್ಣೋ ಗೊತ್ತಿಲ್ಲದಾಗಲೇ ನಾನು ಹರುಹಿಸಾ ಎಂದು ಬರೆದಿದ್ದೆ. ಆ ಗಾಜು ಕೂತ ಲೆನ್ಸನ್ನೇ ಸಂಬಳದಲ್ಲಿ ಮುರಿಸಿಕೊಂಡು ಮನೆಗೆ ತಂದೆ. ನಾನು ಹೋಗದ ಹೈಸ್ಕೂಲಿಗೆ ಅವನು ಸೇರಿದ ದಿನ ಕೊಟ್ಟೆ.

ಲೆನ್ಸ್ ಬಿಚ್ಚಿ ಹಳೆಯ ಮಸಿ ಕೆರೆದಾಗ ಹೆಸರು ಹಾಗೇ ಇತ್ತು. ನಿನ್ನೆ ಬರೆದ ಹಾಗೆ. ಅದರ ಪಕ್ಕ ಒಂದು ಹೆಸರಿಗೆ ಆಗುವಷ್ಟು ಜಾಗವಿತ್ತು. ಪೆನ್ಸಿಲು ಚೂಪು ಮಾಡಿ ಚಿಗುಸಾ ಎಂದು ಬರೆದೆ. ಆಮೇಲೆ ಮಸಿ ಬಳಿದೆ. ಮಸಿ ಒಣಗಲು ಒಂದು ದಿನ ಹೆಚ್ಚು ಹಿಡಿಯಿತು ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಮಸಿ ಎರಡು ತಾಸಿಗೆ ಒಣಗುತ್ತದೆ. ಬರೆಯಲೋ ಬೇಡವೋ ಎಂದು ಕೂತದ್ದು ಆ ದಿನ.

ಕೆರೆದು ನೋಡಬೇಡ, ಕೆಡುತ್ತದೆ. ನನ್ನ ಮಾತು ನಂಬು. ನಿನ್ನ ಖಾನೆಯ ಕಾಗದಕ್ಕೆ ನೀನು ತಾರೀಖು ಹಾಕಬಹುದು. ನಿನ್ನ ಅಕ್ಕ ಹೇಳುವುದು ಸುಳ್ಳೇನಲ್ಲ, ನಗನಗುತ್ತಾ ಮಾತಾಡಿದವಳಲ್ಲ ನಾನು. ಹಾಕಿದರೂ ಲೆನ್ಸ್ ನಿನ್ನದೇ. ಆದರೆ ಆ ಮಸಿಯ ಕೆಳಗೆ ಯಾವ ಕಚೇರಿಯ ಮೊಹರೂ ಬೀಳುವುದಿಲ್ಲ. ಅಲ್ಲಿ ಬರೆದದ್ದನ್ನು ನಾನೇ ಅಳಿಸಬೇಕು. ನಾನು ಅಳಿಸುವುದಿಲ್ಲ.

ನಿನ್ನೆ ಕೆರೆ ಹೆಪ್ಪುಗಟ್ಟಿತು. ಈ ದಡದಿಂದ ಆ ದಡದವರೆಗೆ. ಗುಡಿಯವರು ದಿನವೂ ಬೆಳಗ್ಗೆ ಆರೂವರೆಗೆ ಮಂಜುಗಡ್ಡೆ ಒಡೆದು ದಪ್ಪ ಅಳೆದು ಹೋಗುತ್ತಿದ್ದಾರೆ. ಐದು ವರ್ಷದಿಂದ ಏಳದ ಏಣು ಈ ಸಲ ಏಳಬಹುದು ಎನ್ನುತ್ತಾರೆ. ಬೆಳಗ್ಗೆ ಅಡುಗೆಮನೆಯಲ್ಲಿ ನಿಂತಿದ್ದಾಗ ಪಾದದ ಕೆಳಗಿನ ನೆಲ ಗುಂಯ್ ಎಂದಿತು. ಕೆರೆ ಮೈ ಮುರಿಯುವ ಸದ್ದು. ನನ್ನ ಕಿವಿಗಲ್ಲ, ಕಾಲಿಗೆ ಕೇಳಿಸಿತು. ಮಂಜುಗಡ್ಡೆಯ ಮೇಲೆ ಯಾರೋ ದೂರದಿಂದ ನಡೆದು ಬರುತ್ತಿರುವ ಹಾಗೆ.

ಆ ಕ್ಯಾಮೆರಾ ಹಿಡಿದು ಬಾ. ದಪ್ಪ ಚೀಲ ತಾ, ಬ್ಯಾಟರಿ ಎರಡು ತಾ, ಒಂದನ್ನು ಮೈಗೆ ಒತ್ತಿ ಬೆಚ್ಚಗಿಟ್ಟುಕೋ. ನಾನು ಸೋಬಾ ಬೇಯಿಸುತ್ತೇನೆ. ನೀನು ಹೊರಗಿಂದ ನೇರ ಒಳಗೆ ಬಂದು ಹಂಡೆಯ ಮೇಲೆ ಕ್ಯಾಮೆರಾ ಹಿಡಿದರೂ ನಾನು ಬಾಯಿ ತೆರೆಯುವುದಿಲ್ಲ. ಈ ಸಲ ಚಿತ್ರ ನೋಡುತ್ತೇನೆ.

ಗುಡಿಯವರ ಕೆರೆ ಕಾವಲು ಫೆಬ್ರವರಿ 3ಕ್ಕೆ ಮುಗಿಯುತ್ತದೆ. ಬರುತ್ತೀಯೋ ಇಲ್ಲವೋ, ಒಂದೇ ಪದವಾದರೂ ಸರಿ, 1ನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅತ್ತೆ